ಸಹಾಯ ಬೇಕು: ಗೀರು ಬಿದ್ದ ಡಿವಿಡಿಗಳನ್ನು ಉಜ್ಜಿಕೊಡುವ ಯಂತ್ರ ಎಲ್ಲಿದೆ?

ಮದುವೆ, ನಾಮಕರಣದ ಹಳೆಯ ಡಿವಿಡಿಗಳು. ಬೇರೆ ಪ್ರತಿ ಇಲ್ಲ. ಮಕ್ಕಳು ನೆಲದ ಮೇಲೆ ಎಳೆದಾಡಿ ಹೊಳೆಯುವ ಬದಿಗೆ ಗೀರು ಬಿದ್ದಿದೆ.

ನಡುವಿನಿಂದ ಅಂಚಿಗೆ ನೇರ ಗೀರಿರುವವು ಹೇಗೋ ಓಡುತ್ತಿವೆ. ಟ್ರ್ಯಾಕಿನ (ಡೇಟಾ ಬರೆದಿರುವ ಸುತ್ತು ಗೆರೆಯ) ಗುಂಟ ಸುತ್ತಾಗಿ ಬಿದ್ದ ಗೀರಿನವು ಅಲ್ಲೇ ನಿಲ್ಲುತ್ತವೆ. ಉದ್ದಕ್ಕೂ ಡೇಟಾ ಹೋದರೆ ದೋಷ ತಿದ್ದುವ ವ್ಯವಸ್ಥೆಗೂ ತುಂಬಿಕೊಳ್ಳಲಾಗದು.

ತಣ್ಣೀರು, ಒಂದು ಹನಿ ಪಾತ್ರೆ ತೊಳೆಯುವ ಲಿಕ್ವಿಡ್, ಮೈಕ್ರೋಫೈಬರ್ ಬಟ್ಟೆ, ನಡುವಿನಿಂದ ಅಂಚಿಗೆ ಒರೆಸುವುದು: ಇಷ್ಟು ಆಗಿದೆ. ಬರೀ ಬೆರಳಚ್ಚಿನ ಜಿಡ್ಡಿದ್ದವು ಇದರಲ್ಲೇ ಸರಿಹೋದವು. ಬಿಳಿ ಟೂತ್‌ಪೇಸ್ಟ್ (ಜೆಲ್ ಬೇಡ, ಅದರಲ್ಲಿ ಉಜ್ಜುವ ಕಣ ಕಡಿಮೆ) ಸಣ್ಣ ಗೀರಿಗಷ್ಟೇ ಸಾಕು. ಡಿವಿಡಿಯಲ್ಲಿ ಡೇಟಾ ಪದರದ ಮೇಲೆ 0.6 ಮಿ.ಮೀ. ಪ್ಲಾಸ್ಟಿಕ್ ಇರುವುದರಿಂದ ಇನ್ನೂ ಉಜ್ಜಲು ಜಾಗವಿದೆ. ಬ್ಲೂ-ರೇಯಲ್ಲಿ ಅದು ಬರೀ 0.1 ಮಿ.ಮೀ., ಅದಕ್ಕೆ ಕೈ ಹಾಕುವುದಿಲ್ಲ. ಸಿಡಿಗಳ ಲೇಬಲ್ ಬದಿ ಕೆರೆದಿದ್ದು, ಬೆಳಕಿಗೆ ಹಿಡಿದರೆ ತೂತು ಕಾಣುವಂಥವನ್ನು ಕೈಬಿಟ್ಟಾಗಿದೆ. ಡೇಟಾ ಅಲ್ಲೇ ಇರುವುದು.

ಈಗ ಕೇಳುವುದು:

ಬೆಂಗಳೂರಿನ ಎಸ್.ಪಿ. ರೋಡಿನ ಸುತ್ತಮುತ್ತ ನೀರು ಹಾಕಿ ಪಾಲಿಶ್ ಮಾಡುವ ಯಂತ್ರ ಇಟ್ಟುಕೊಂಡವರು ಈಗಲೂ ಇದ್ದಾರಾ? ಒಂದು ಡಿಸ್ಕಿಗೆ ಎಷ್ಟು ತಗೊಳ್ತಾರೆ? ಕೈಯಲ್ಲಿ ತಿರುಗಿಸುವ ಅಗ್ಗದ ಸಾಧನ ಹೇಳಬೇಡಿ, ಅದು ಹೊಸ ಗೀರು ಬೀಳಿಸುತ್ತದೆ.

ಡಿಡಿರೆಸ್ಕ್ಯೂನಲ್ಲಿ (ಹಾಳಾದ ಡಿಸ್ಕಿನಿಂದ ಓದಲಾದಷ್ಟನ್ನು ನಕಲಿಸುವ ಸಾಫ್ಟ್‌ವೇರ್) ಸೆಕ್ಟರ್ ಗಾತ್ರ 2048 ಬೈಟ್ ಇಟ್ಟು ಪ್ರತಿ ತೆಗೆಯುತ್ತಿದ್ದೇನೆ. ಅದೇ ಮ್ಯಾಪ್ ಫೈಲ್ (ಯಾವ ಭಾಗ ಓದಿದೆ, ಯಾವುದು ಬಾಕಿ ಎಂಬ ದಾಖಲೆ) ಇಟ್ಟುಕೊಂಡು ಬೇರೆ ಡ್ರೈವಿನಲ್ಲಿ ಮತ್ತೆ ಓಡಿಸಬೇಕು. ಗೀರಿದ ಡಿಸ್ಕನ್ನು ಚೆನ್ನಾಗಿ ಓದುವ ಹಳೆಯ ಡ್ರೈವ್ ಯಾರ ಹತ್ತಿರವಾದರೂ ಇದ್ದರೆ ಮಾಡೆಲ್ ತಿಳಿಸಿ.