ಯಂತ್ರದಲ್ಲಿ ಕ್ವಿಲ್ಟ್ ಹೊಲಿಯುವಾಗ ದಾರದ ಟೆನ್ಷನ್ ಸರಿಪಡಿಸುವ ಬಗೆ: ಒಂದು ಪ್ರಶ್ನೆ, ಮೂವರ ಅನುಭವ

ಪ್ರಶ್ನೆ: ಮೂರು ಪದರಗಳ ಕ್ವಿಲ್ಟನ್ನು (ಕೌದಿಯಂಥ ಹೊದಿಕೆಯನ್ನು) ಮೊದಲ ಬಾರಿಗೆ ಯಂತ್ರದಲ್ಲಿ ಹೊಲಿಯುತ್ತಿದ್ದೇನೆ. ನೇರ ಸಾಲುಗಳು ಚೆನ್ನಾಗಿಯೇ ಬರುತ್ತಿವೆ. ಆದರೆ ಬಟ್ಟೆಯನ್ನು ಕೈಯಿಂದ ಸರಿಸುತ್ತಾ ಬಳ್ಳಿಯ ವಿನ್ಯಾಸ ಹೊಲಿದಾಗ ಹಿಂಬದಿಯಲ್ಲಿ ಸಡಿಲವಾದ ಕುಣಿಕೆಗಳು ಉಳಿಯುತ್ತವೆ. ಮೇಲಿನ ದಾರದ ಬಿಗಿತವನ್ನು ಹೊಂದಿಸುವ ಟೆನ್ಷನ್ ಗುಂಡಿಯನ್ನು 4ರಿಂದ 7ಕ್ಕೆ ಏರಿಸಿದ ಮೇಲೂ ಅವು ಪೂರ್ತಿ ಹೋಗಿಲ್ಲ. ಸಾಲದ್ದಕ್ಕೆ ಮೇಲಿನ ದಾರ ಈಗ ಪದೇ ಪದೇ ಕಡಿಯುತ್ತಿದೆ. ಕೆಳಗಿನ ದಾರದ ಸುರುಳಿ (ಬಾಬಿನ್) ಕೂರುವ ಬಾಬಿನ್ ಕೇಸಿನ ತಿರುಪನ್ನು ಬಿಗಿಗೊಳಿಸಬಹುದೇ? ಬಲ್ಲವರು ದಯವಿಟ್ಟು ತಿಳಿಸಿ.

ಮೊದಲ ಉತ್ತರ: ತಿರುಪನ್ನು ಸದ್ಯಕ್ಕೆ ಮುಟ್ಟಬೇಡಿ, ಗುಂಡಿಯನ್ನೂ 4ಕ್ಕೆ ಮರಳಿಸಿ. ದೋಷ ಹಿಂಬದಿಯಲ್ಲಿ ಕಂಡಾಗ ಬಾಬಿನ್ ಮೇಲೆ ಅನುಮಾನ ಬರುವುದು ಸಹಜ. ಆದರೆ ಹಿಂಬದಿಯ ಕುಣಿಕೆ ಸಾಮಾನ್ಯವಾಗಿ ಮೇಲಿನ ದಾರದ್ದಾಗಿರುತ್ತದೆ, ಏಕೆಂದರೆ ಅದನ್ನು ಹಿಡಿದು ಮೇಲಕ್ಕೆ ಎಳೆಯಬೇಕಾದ ಬಿಗಿತ ಎಲ್ಲೋ ತಪ್ಪಿಹೋಗಿರುತ್ತದೆ. ಬಟ್ಟೆಯನ್ನು ಒತ್ತಿಹಿಡಿಯುವ ಪ್ರೆಸರ್ ಫುಟ್ ಕೆಳಗಿರುವಾಗ ದಾರ ಪೋಣಿಸಿದರೆ ಟೆನ್ಷನ್ ತಟ್ಟೆಗಳು ಮುಚ್ಚಿಕೊಂಡಿರುವುದರಿಂದ ದಾರ ಅವುಗಳ ನಡುವೆ ಇಳಿಯದೆ ಮೇಲೆಯೇ ಜಾರುತ್ತದೆ. ಆಗ ಗುಂಡಿಯನ್ನು ಎಷ್ಟು ತಿರುಗಿಸಿದರೂ ವ್ಯರ್ಥ. ಆದ್ದರಿಂದ ದಾರವನ್ನು ಪೂರ್ತಿ ತೆಗೆದು, ಫುಟ್ ಎತ್ತಿಟ್ಟು, ಹೊಸದಾಗಿ ಪೋಣಿಸಿ. ನಂತರ ಫುಟ್ ಇಳಿಸಿ ಸೂಜಿಯ ಬಳಿ ದಾರವನ್ನು ಮೆಲ್ಲಗೆ ಎಳೆದು ನೋಡಿ. ತಡೆ ಸ್ಪಷ್ಟವಾಗಿ ತಿಳಿಯಬೇಕು. ಫುಟ್ ಎತ್ತಿದ ಕೂಡಲೇ ಅದು ಮಾಯವಾಗಬೇಕು.

ಕೈಯಿಂದ ಸರಿಸಿ ಹೊಲಿಯಲು ಬಳಸುವ ಫುಟ್ ಇಳಿದಾಗಲೂ ಬಟ್ಟೆಯ ಮೇಲೆ ತುಸು ತೇಲಿದಂತೆಯೇ ಇರುವುದರಿಂದ, ಅದನ್ನು ಇಳಿಸಲು ಮರೆತದ್ದು ಕಣ್ಣಿಗೆ ಬೀಳುವುದಿಲ್ಲ. ಹಿಂಬದಿಯಲ್ಲಿ ದಾರ ಗೂಡುಕಟ್ಟಿದರೆ ನಾನು ಮೊದಲು ನೋಡುವುದು ಫುಟ್ಟಿನ ಆ ಹಿಡಿಯನ್ನೇ.

ಎರಡನೆಯ ಉತ್ತರ: ಮೇಲಿನ ಮಾತು ಸರಿಯೇ. ಆದರೆ ಪ್ರಶ್ನೆ ಕೇಳಿದವರ ನೇರ ಸಾಲುಗಳು ಚೆನ್ನಾಗಿವೆ ಎಂಬುದನ್ನು ಗಮನಿಸಬೇಕು. ಪೋಣಿಸಿದ್ದೇ ತಪ್ಪಾಗಿದ್ದರೆ ಅಲ್ಲಿಯೂ ಕುಣಿಕೆ ಬರುತ್ತಿತ್ತು. ತಿರುವುಗಳಲ್ಲಿ ಮಾತ್ರ, ಅದೂ ಕಣ್ಣಿನ ರೆಪ್ಪೆಗೂದಲಿನಂತೆ ಸಾಲಾಗಿ ಕಾಣುವ ಕುಣಿಕೆಗಳಿಗೆ ಬಹುತೇಕ ಕೈಯ ವೇಗವೇ ಕಾರಣ. ನಾವು ತಿರುವಿನಲ್ಲಿ ಅರಿವಿಲ್ಲದೆ ಕೈಯನ್ನು ಬೀಸುತ್ತೇವೆ, ಯಂತ್ರ ಮಾತ್ರ ತನ್ನ ಹಳೆಯ ವೇಗದಲ್ಲಿಯೇ ಇರುತ್ತದೆ. ಬಟ್ಟೆಯ ಎಳೆತಕ್ಕೆ ಸೂಜಿ ಬಾಗುತ್ತದೆ, ಹೊಲಿಗೆ ಉದ್ದವಾಗುತ್ತದೆ, ಗಂಟು ನಡುವಿನ ಪದರದಲ್ಲಿ ಕೂರುವ ಬದಲು ಹಿಂಬದಿಗೆ ಜಾರುತ್ತದೆ. ಪೆಡಲನ್ನು ಒಂದೇ ಹದದಲ್ಲಿ ಒತ್ತಿ, ತಿರುವಿನಲ್ಲಿ ಕೈಯನ್ನು ನಿಧಾನಿಸಿ ನೋಡಿ. ಕ್ವಿಲ್ಟಿನ ಭಾರ ಮೇಜಿನಿಂದ ಕೆಳಗೆ ಜೋತುಬಿದ್ದು ಎಳೆಯುತ್ತಿದ್ದರೂ ಇದೇ ಫಲ.

ಸೂಜಿಯನ್ನೂ ಬದಲಿಸಿ. ಗಾತ್ರ 90/14 ಎಂದರೆ ಸೂಜಿಯ ದಪ್ಪ 0.9 ಮಿಲಿಮೀಟರ್, 75/11ಕ್ಕಿಂತ ಇದು ಕಡಿಮೆ ಬಾಗುತ್ತದೆ. ಟಾಪ್‌ಸ್ಟಿಚ್ ಸೂಜಿಯ ಕಣ್ಣು ದೊಡ್ಡದಾಗಿರುವುದರಿಂದ ದಾರ ಉಜ್ಜಿ ಸವೆಯುವುದೂ ಕಡಿಮೆ. ದಾರ ಕಡಿಯುವುದಕ್ಕೆ 7ರ ಬಿಗಿತವೇ ಸಾಕು. ಅದರ ಜೊತೆಗೆ ಮೊಂಡು ಸೂಜಿಯೂ ಸೇರಿದ್ದರೆ ಹೇಳುವುದೇ ಬೇಡ.

ಮೂರನೆಯ ಉತ್ತರ: ಅಸಲು ಕ್ವಿಲ್ಟಿನ ಮೇಲೆ ಪ್ರಯೋಗ ಬೇಡ. ಅದೇ ಬಟ್ಟೆ, ಅದೇ ಹತ್ತಿಪದರದ ತುಂಡುಗಳನ್ನು ಜೋಡಿಸಿಕೊಂಡು, ಮೇಲೆ ಒಂದು ಬಣ್ಣ, ಬಾಬಿನ್‌ನಲ್ಲಿ ಬೇರೊಂದು ಬಣ್ಣದ ಒಂದೇ ದಪ್ಪದ ದಾರ ಹಾಕಿ ಹೊಲಿದರೆ ಯಾವುದು ಎಲ್ಲಿ ಇಣುಕುತ್ತಿದೆ ಎಂಬುದು ಕೂಡಲೇ ತಿಳಿಯುತ್ತದೆ. ಬಾಬಿನ್ ದಾರ ಮೇಲೆ ಚುಕ್ಕಿಯಂತೆ ಕಂಡರೆ ಮೇಲಿನ ಬಿಗಿತ ಹೆಚ್ಚಾಗಿದೆ ಅಥವಾ ಬಾಬಿನ್ ಸಡಿಲವಾಗಿದೆ. 50ರ ದಾರಕ್ಕೆ ಹೊಂದಿಸಿದ ಟೆನ್ಷನ್ 40ರ ದಾರಕ್ಕೆ ಹೊಂದಬೇಕೆಂದಿಲ್ಲ. ಸಂಖ್ಯೆ ಇಳಿದಷ್ಟೂ ದಾರ ದಪ್ಪ. ಜರಿಯಂತಹ ಲೋಹದ ದಾರಕ್ಕೆ ಮೇಲಿನ ಬಿಗಿತವನ್ನು ಸಾಕಷ್ಟು ಇಳಿಸಲೇಬೇಕು.

ಇನ್ನು ತಿರುಪಿನ ಪ್ರಶ್ನೆ. ಅದನ್ನು ಮುಟ್ಟಲೇಬಾರದು ಎಂಬ ಭಯವನ್ನು ನಾನು ಒಪ್ಪುವುದಿಲ್ಲ, ಆದರೆ ಅದರ ಸರದಿ ಕೊನೆಯದು. ಮೊದಲು ಬಾಬಿನ್ ಕೇಸಿನ ಸ್ಪ್ರಿಂಗ್ ತಟ್ಟೆಯ ಅಡಿಯಲ್ಲಿ ಸಿಕ್ಕಿಕೊಂಡ ನಾರನ್ನು ತೆಗೆಯಿರಿ. ಎಷ್ಟೋ ಬಾರಿ ದೋಷ ಅಲ್ಲಿಗೇ ಮುಗಿಯುತ್ತದೆ. ಹೊರತೆಗೆಯಬಹುದಾದ ನಿಲುವು ಕೇಸಾಗಿದ್ದರೆ ದಾರದ ತುದಿ ಹಿಡಿದು ಅದನ್ನು ತೂಗಬಿಡಿ. ತಾನಾಗಿ ಜಾರಿದರೆ ಸಡಿಲ. ಸಣ್ಣದಾಗಿ ಕುಲುಕಿದಾಗ ತುಸು ಇಳಿದು ನಿಂತರೆ ಹದ. ಕುಲುಕಿದರೂ ಇಳಿಯದಿದ್ದರೆ ಅತಿ ಬಿಗಿ. ಎರಡು ತಿರುಪುಗಳಿದ್ದರೆ ಸಾಮಾನ್ಯವಾಗಿ ದೊಡ್ಡದೇ ಟೆನ್ಷನ್‌ನದು, ಚಿಕ್ಕದು ತಟ್ಟೆಯನ್ನು ಹಿಡಿದಿಡುವಂಥದ್ದು. ಈಗಿರುವ ಸ್ಥಾನದ ಚಿತ್ರ ತೆಗೆದಿಟ್ಟುಕೊಂಡು, ಒಂದು ಸಲಕ್ಕೆ ಸುತ್ತಿನ ಎಂಟನೇ ಒಂದು ಭಾಗಕ್ಕಿಂತ ಹೆಚ್ಚು ತಿರುಗಿಸದೆ, ಪ್ರತಿ ಬಾರಿಯೂ ತುಂಡಿನ ಮೇಲೆ ಹೊಲಿದು ನೋಡಿ. ಸಡಿಲಿಸುವ ದಿಕ್ಕಿನಲ್ಲಿ ತಿರುಗಿಸುವಾಗ ತಿರುಪು ಕಳಚಿ ಬಿದ್ದೀತು, ಕೆಳಗೊಂದು ಬಿಳಿಯ ಬಟ್ಟೆ ಹಾಸಿಕೊಳ್ಳಿ.