ಮೂಗಿನ ತುದಿಯಲ್ಲಿ ಗುಳ್ಳೆ: ಗುಂಪಿನಲ್ಲಿ ಕಣ್ಣಿನ ವೈದ್ಯರಿಗೆ ಪ್ರಶ್ನೆ

ಆಳಂದದ ಸದಸ್ಯೆ: ಡಾಕ್ಟರೇ, ಅವ್ವನಿಗೆ 68 ವರ್ಷ, ಸಕ್ಕರೆ ಕಾಯಿಲೆ ಇದೆ. ಮೊನ್ನೆ ಹಣೆಯ ಎಡಗಡೆ ಉರಿ ಎಂದಳು. ತೊಗರಿ ರಾಶಿಯ ಧೂಳು ಎಂದುಕೊಂಡೆವು. ನಿನ್ನೆ ನೀರ್ಗುಳ್ಳೆ ಎದ್ದವು. ಇಂದು ಮೂಗಿನ ತುದಿಯಲ್ಲೂ ಎರಡು, ರೆಪ್ಪೆ ಊದಿದೆ. ಸರ್ಪಸುತ್ತು ಎಂದು ಓಣಿಯವರು ಕೆಮ್ಮಣ್ಣು ಬಳಿದಿದ್ದಾರೆ. ಪೊರೆ ತೆಗೆಸಿದಾಗಿನ ಹನಿ ಉಳಿದಿದೆ, ಹಾಕಲೇ?

ವೈದ್ಯ: ಹಾಕಬೇಡಿ. ಇಂದೇ ಹೊರಡಿ. ಚಿಕ್ಕಂದಿನಲ್ಲಿ ಅಮ್ಮ (ಚಿಕನ್‌ಪಾಕ್ಸ್) ಬಂದುಹೋದ ಮೇಲೆ ಆ ವೈರಸ್ ನರದ ಬುಡದಲ್ಲಿ ಅಡಗಿರುತ್ತದೆ, ಈಗ ಎದ್ದಿದೆ. ಮೂಗಿನ ತುದಿಗೆ ಹೋಗುವ ನರದ ಕವಲೇ ಕಣ್ಣಿನೊಳಕ್ಕೂ ಹೋಗುತ್ತದೆ. ಹಣೆ ತುಂಬ ಎದ್ದವುಗಳಿಗಿಂತ ಮೂಗಿನ ಆ ಎರಡು ಗುಳ್ಳೆಗಳದ್ದೇ ನನಗೆ ಚಿಂತೆ. ಗುಳ್ಳೆ ಎದ್ದ 72 ಗಂಟೆಯೊಳಗೆ ಮಾತ್ರೆ ಶುರುವಾಗಬೇಕು. ಸಾಮಾನ್ಯವಾಗಿ ಅಸೈಕ್ಲೋವಿರ್ 800 ಮಿಲಿಗ್ರಾಂ, ದಿನಕ್ಕೆ ಐದು ಬಾರಿ, 7ರಿಂದ 10 ದಿನ. ಆದರೆ ಮೂತ್ರಪಿಂಡ ಸೊರಗಿದ್ದರೆ ಪ್ರಮಾಣ ಇಳಿಸಬೇಕು, ಆದ್ದರಿಂದ ಅಂಗಡಿಯಲ್ಲಿ ನೀವೇ ಕೊಳ್ಳಬೇಡಿ. ಹಳೆಯ ಹನಿಯಲ್ಲಿ ಸ್ಟೀರಾಯ್ಡ್ ಇರಬಹುದು. ಅದು ಬೇಕೇ ಬೇಡವೇ ಎಂದು ಸ್ಲಿಟ್ ಲ್ಯಾಂಪ್ ಎಂಬ, ಕಣ್ಣನ್ನು ದೊಡ್ಡದಾಗಿಸಿ ತೋರಿಸುವ ಯಂತ್ರದಲ್ಲಿ ಕಣ್ಣು ನೋಡಿದವರು ಹೇಳಲಿ. ಕೆಮ್ಮಣ್ಣನ್ನು ಉಜ್ಜದೆ ತೊಳೆಯಿರಿ.

ಸೇಡಂ ಸದಸ್ಯ: ಹಾವಿನ ತಲೆ, ಬಾಲ ಕೂಡಿದರೆ ಜೀವ ಹೋಗುತ್ತದೆ ಎಂದು ಫಾರ್ವರ್ಡ್ ಬಂದಿದೆ. ನಿಜವೇ?

ವೈದ್ಯ: ಸುಳ್ಳು.

ಹುಮನಾಬಾದ್ ಸದಸ್ಯ: 50 ದಾಟಿದವರಿಗೆ ಲಸಿಕೆ ಇದೆಯಂತಲ್ಲ, ಬೆಲೆ ಎಷ್ಟು?

ಭಾಲ್ಕಿಯ ಹಿರಿಯರು: ಮಂತ್ರ ಹಾಕಿಸಿ, ಬೇವಿನ ರಸ ಕಣ್ಣಿಗೆ ಬಿಡಿ ತಂಗಿ. ನಮ್ಮ ಮನೆಯಲ್ಲಿ ಎಲ್ಲರಿಗೂ ಹೀಗೆಯೇ ಗುಣವಾಗಿದೆ.

ಶಹಾಪುರದ ಶಿಕ್ಷಕಿ: ಕಾಕಾ, ಗುಳ್ಳೆ ತಾನಾಗಿಯೇ ಒಣಗುತ್ತದೆ, ಹೆಸರು ಮಾತ್ರ ಮಂತ್ರಕ್ಕೆ.

ಭಾಲ್ಕಿಯ ಹಿರಿಯರು: ನಾಲ್ಕಕ್ಷರ ಕಲಿತಿರೆಂದು ಹಿರಿಯರೆಲ್ಲ ದಡ್ಡರೇ?

ಶಹಾಪುರದ ಶಿಕ್ಷಕಿ: ಅವರ ಕಾಲಕ್ಕೆ ಮಾತ್ರೆ ಇರಲಿಲ್ಲ. ನಿಮ್ಮ ಕಾಲಕ್ಕೆ ಇದೆ.

ಭಾಲ್ಕಿಯ ಹಿರಿಯರು: ನಿಮ್ಮ ಪಾಠ ಶಾಲೆಯಲ್ಲಿರಲಿ.

ವೈದ್ಯ: ಕಣ್ಣಿಗೆ ಯಾವ ರಸವನ್ನೂ ಬಿಡಬೇಡಿ. ಕರಿಗುಡ್ಡೆಗೆ ಹುಣ್ಣಾಗಿ ಕಲೆ ಉಳಿದರೆ ಮಂತ್ರ ಹಾಕಿದವರು ದೃಷ್ಟಿ ಕೊಡುವುದಿಲ್ಲ. ಇನ್ನೊಂದು ಫಾರ್ವರ್ಡ್ ಬಂದರೆ ನಾನು ಗುಂಪು ಬಿಡುತ್ತೇನೆ.

ಚಿತ್ತಾಪುರದ ಸದಸ್ಯೆ: ಯಜಮಾನರಿಗೆ ಸೊಂಟದಲ್ಲಿ ಸರ್ಪಸುತ್ತು. ಸೊಸೆ ಬಸುರಿ, ಅವಳಿಗೆ ಎಂದೂ ಅಮ್ಮ ಬಂದಿಲ್ಲ.

ವೈದ್ಯ: ಗುಳ್ಳೆ ಒಣಗಿ ಹಕ್ಕಳೆ ಕಟ್ಟುವವರೆಗೆ ಅವಳು ದೂರವಿರಲಿ. ಅವರ ಬಟ್ಟೆ ಒಗೆಯುವುದೂ ಬೇಡ. ಹೆರಿಗೆ ವೈದ್ಯರಿಗೆ ಇಂದೇ ತಿಳಿಸಿ.

ಸೇಡಂ ಸದಸ್ಯ: ಹಾಗಾದರೆ ತಲೆ, ಬಾಲ ಕೂಡಿದರೆ ಏನೂ ಆಗುವುದಿಲ್ಲವೇ?

ವೈದ್ಯ: ಮೇಲೆ ಓದಿ.

ಆಳಂದದ ಸದಸ್ಯೆ: ಕಲಬುರಗಿಯ ಜಿಮ್ಸ್ ಆಸ್ಪತ್ರೆ ತಲುಪಿದೆವು. ಬೆಳಕು ನೋಡಲಾಗುತ್ತಿಲ್ಲ ಎನ್ನುತ್ತಾಳೆ. ಚರ್ಮದ ವಿಭಾಗಕ್ಕೆ ಹೋಗಿ ಎಂದರು.

ವೈದ್ಯ: ಮೊದಲು ಕಣ್ಣಿನ ವಿಭಾಗ. ಮೂಗು ತೋರಿಸಿ, ಬೆಳಕು ಚುಚ್ಚುತ್ತಿದೆ ಎಂದು ಹೇಳಿ. ಸಾಲಿನಲ್ಲಿ ಕೂರಬೇಡಿ.