ಆರ್‌ಓಟಿಸಿ ಮಾಡಿದವರಿಗೆ ಜಿಐ ಬಿಲ್ ಸಿಗುತ್ತಾ? ಅನುಭವ ಇದ್ದವರು ಹೇಳಿ

ಡಲ್ಲಾಸ್‌ನಿಂದ ಒಬ್ಬ ಅಮ್ಮ: ಮಗನಿಗೆ ಆರ್ಮಿ ಆರ್‌ಓಟಿಸಿಯ (ಕಾಲೇಜಲ್ಲಿ ಓದುತ್ತಲೇ ಅಮೆರಿಕದ ಸೇನಾಧಿಕಾರಿ ಆಗಲು ಪಡೆಯುವ ತರಬೇತಿ) ನಾಲ್ಕು ವರ್ಷದ ಸ್ಕಾಲರ್‌ಶಿಪ್ ಬಂದಿದೆ. ಡಿಗ್ರಿ ಮುಗಿದ ಮೇಲೆ ಲೆಫ್ಟಿನೆಂಟ್. ಕಾಲೇಜಿನ ಈ ತರಬೇತಿ ಸೇವೆಯ ಲೆಕ್ಕಕ್ಕೆ ಬರುತ್ತಾ? ಮುಂದೆ ಎಂಬಿಎ ಮಾಡುತ್ತೇನೆ ಅನ್ನುತ್ತಾನೆ. ಅದಕ್ಕೆ ಜಿಐ ಬಿಲ್ ದುಡ್ಡು (ಸೇನೆಯಲ್ಲಿ ಸೇವೆ ಮಾಡಿದವರ ಓದಿಗೆ ಅಮೆರಿಕ ಸರ್ಕಾರ ಕೊಡುವ ನೆರವು) ಸಿಗುತ್ತಾ?

ಮಗಳು ಆರ್ಮಿಯಲ್ಲಿದ್ದ ತಂದೆ: ಹುಡುಗನಿಗೆ ಶಹಬ್ಬಾಸ್ ಹೇಳಿ ಮೇಡಂ. ಆದರೆ ಕಾಲೇಜಿನ ವರ್ಷಗಳು ಲೆಕ್ಕಕ್ಕಿಲ್ಲ. ಕೆಡೆಟ್ (ತರಬೇತಿಯ ವಿದ್ಯಾರ್ಥಿ) ಆಗಿರುವುದು ಆಕ್ಟಿವ್ ಡ್ಯೂಟಿ (ಪೂರ್ಣಾವಧಿ ಸೇನಾ ಸೇವೆ) ಅಲ್ಲ.

ಇದನ್ನು ಎಲ್ಲರೂ ಊಹಿಸುತ್ತಾರೆ. ಗೊತ್ತಾಗದೆ ಹೋಗುವುದು ಮುಂದಿನದು. ಸ್ಕಾಲರ್‌ಶಿಪ್ ತೆಗೆದುಕೊಂಡವರು ಅದಕ್ಕೆ ಪ್ರತಿಯಾಗಿ ಸಾಮಾನ್ಯವಾಗಿ 4 ವರ್ಷ ಆಕ್ಟಿವ್ ಡ್ಯೂಟಿ ಮಾಡಬೇಕಲ್ವಾ, ಆ 4 ವರ್ಷವೂ ಪೋಸ್ಟ್-9/11 ಜಿಐ ಬಿಲ್‌ಗೆ (2001ರ ಸೆಪ್ಟೆಂಬರ್ 11ರ ದಾಳಿಯ ನಂತರದ ಸೇವೆಗೆ ಸಿಗುವುದು) ಸೇರುವುದಿಲ್ಲ. ಒಂದು ಸಲ ಓದಿಸಿದ್ದಕ್ಕೆ ಆ ಸೇವೆ ಸರಿಹೋಯಿತು ಅನ್ನುವುದು ಸರ್ಕಾರದ ಲೆಕ್ಕ. ಸೇನಾ ಅಕಾಡೆಮಿ ವೆಸ್ಟ್ ಪಾಯಿಂಟ್‌ನವರಿಗೂ ಹೀಗೇ, ಅವರಿಗೆ 5 ವರ್ಷ.

ಹಾಗಾಗಿ ನಿಮ್ಮ ಮಗನ ಎಣಿಕೆ ಶುರುವಾಗುವುದು ಐದನೇ ವರ್ಷದಿಂದ. ಅಲ್ಲಿಂದ 90 ದಿನ ಆದರೆ ನೆರವಿನ ಶೇ 50, 36 ತಿಂಗಳಾದರೆ ಪೂರ್ತಿ. ಒಟ್ಟು 7 ವರ್ಷ. ನನ್ನ ಮಗಳು 5 ವರ್ಷಕ್ಕೇ ಬಿಟ್ಟಳು, ಶೇ 60 ಸಿಕ್ಕಿತು. ಉಳಿದ ಫೀಸು ಅವಳದೇ.

ಸ್ಯಾನ್ ಡಿಯಾಗೋದಿಂದ: ನಾನು ಸ್ಕಾಲರ್‌ಶಿಪ್ ಇಲ್ಲದೆ ಆರ್‌ಓಟಿಸಿ ಮಾಡಿದವನು. ಕಮಿಷನ್ ಆಗಿ (ಅಧಿಕಾರಿಯಾಗಿ ನೇಮಕಗೊಂಡು) ಆಕ್ಟಿವ್ ಡ್ಯೂಟಿಗೆ ಹೋದ ದಿನದಿಂದಲೇ ಲೆಕ್ಕ ಶುರು. ಮೂರು ವರ್ಷಕ್ಕೆ ಪೂರ್ತಿ ಸಿಕ್ಕಿತು. ಹಾಗಂತ ಸ್ಕಾಲರ್‌ಶಿಪ್ ಬಿಡಿಸಬೇಡಿ ಅಕ್ಕಾ! ಖಾಸಗಿ ಕಾಲೇಜಾದರೆ ಕೈಗೆ ಬಂದಿರುವುದು ದೊಡ್ಡ ಮೊತ್ತ. ಎಂಬಿಎ ಇನ್ನೂ ಹುಡುಗನ ಬಾಯಲ್ಲಿದೆ ಅಷ್ಟೇ. ನಿಮ್ಮದೇ ರಾಜ್ಯದ ಸರ್ಕಾರಿ ಯೂನಿವರ್ಸಿಟಿ ಆಗಿ, ಫೀಸು ಕಡಿಮೆ ಇದ್ದರೆ ಮಾತ್ರ ಕೂತು ಲೆಕ್ಕ ಹಾಕಿ.

ನ್ಯಾಷನಲ್ ಗಾರ್ಡ್‌ನವಳು: ನಾನು ಕಾಲೇಜಲ್ಲಿದ್ದಾಗಲೇ ಗಾರ್ಡ್ (ರಾಜ್ಯಗಳ ಅರೆಕಾಲಿಕ ಸೇನೆ) ಸೇರಿ ಜೊತೆಗೆ ಆರ್‌ಓಟಿಸಿ ಮಾಡಿದೆ. 6 ವರ್ಷಕ್ಕೆ ಸಹಿ ಹಾಕಿದ್ದರಿಂದ ರಿಸರ್ವ್‌ನವರ (ಅರೆಕಾಲಿಕ ಸೈನಿಕರ) ಮಾಂಟ್‌ಗೊಮರಿ ಜಿಐ ಬಿಲ್ ಅನ್ನುವ ಬೇರೆ ನೆರವು ತಿಂಗಳು ತಿಂಗಳು ಬರುತ್ತಿತ್ತು. ಮೊತ್ತ ಸಣ್ಣದು, ಬಾಡಿಗೆಗೂ ಸಾಲದು. ವಾರಾಂತ್ಯದ ಡ್ರಿಲ್ ಪೋಸ್ಟ್-9/11ಗೆ ಸೇರುವುದಿಲ್ಲ.

ಡಲ್ಲಾಸ್ ಅಮ್ಮ: ಅಯ್ಯೋ, ಏಳು ವರ್ಷವಾ! ಅವನಪ್ಪ ನೇವಿಯಲ್ಲಿ ಇದ್ದಾರೆ. ಅವರದ್ದು ಕೊಡಿಸಲು ಆಗುತ್ತಾ?

ಮಗಳು ಆರ್ಮಿಯಲ್ಲಿದ್ದ ತಂದೆ: ಇದನ್ನು ಮೊದಲೇ ಹೇಳಬಾರದಾ ಮೇಡಂ! 6 ವರ್ಷ ಸೇವೆ ಆಗಿದ್ದು, ಇನ್ನೂ 4 ವರ್ಷ ಇರಲು ಒಪ್ಪಿದರೆ ತಮ್ಮ ಜಿಐ ಬಿಲ್ ಅನ್ನು ಮಗನ ಹೆಸರಿಗೆ ವರ್ಗಾಯಿಸಬಹುದು. ಅವರ 10 ವರ್ಷ ತುಂಬಿದ ಮೇಲೆ ಮಗ ಅದನ್ನು ಬಳಸಬಹುದು. ಆದರೆ ಅವರು ನೇವಿ ಬಿಡುವ ಮೊದಲೇ ಅರ್ಜಿ ಹಾಕಬೇಕು. ಇವತ್ತೇ ಕೇಳಿ.